ಹತ್ತೊಂಬತ್ತನೆಯವನು

ಹತ್ತೊಂಬತ್ತು ನೆನಪಿನಲ್ಲಿ ನಿಲ್ಲುವ ಸಂಖ್ಯೆಯಲ್ಲ. ಪಂದ್ಯದಲ್ಲಿ ಮೊದಲನೆಯವನಿಗೆ ಚಿನ್ನ, ಎರಡನೆಯವನಿಗೆ ಬೆಳ್ಳಿ, ಮೂರನೆಯವನಿಗೆ ಕಂಚು. ನಾಲ್ಕನೆಯವನಿಗೆ ಜನರ ‘ಅಯ್ಯೋ ಪಾಪ’ವಾದರೂ ಉಂಟು. ಕಟ್ಟಕಡೆಯಲ್ಲಿ ಕುಂಟುತ್ತ ಬಂದವನನ್ನು ಸಹ, ಬಿಡದೆ ಬಂದನಲ್ಲಾ ಎಂದು ಚಪ್ಪಾಳೆ ತಟ್ಟಿ ಬರಮಾಡಿಕೊಳ್ಳುವುದುಂಟು. ನಡುವೆ ಬಂದವನ ಪಾಡು ಬೇರೆ. ಅವನು ಗೆದ್ದವನೂ ಅಲ್ಲ, ಎಲ್ಲರ ಕಣ್ಣಲ್ಲಿ ನೀರು ತರಿಸುವಂತೆ ಸೋತವನೂ ಅಲ್ಲ.

ಈಚೆಗೆ ತರಗತಿಯಲ್ಲಿ ಪಾಠದ ನಡುವೆ ಏತಕ್ಕೋ ಓಟದ ಮಾತು ಬಂದಿತು. 1920ರಲ್ಲಿ ಆಂಟ್ವರ್ಪ್ ನಗರದಲ್ಲಿ ನಡೆದ ಒಲಿಂಪಿಕ್ ಕ್ರೀಡೆಗಳಲ್ಲಿ ನಮ್ಮ ಬೆಳಗಾವಿಯವನೊಬ್ಬ ಮ್ಯಾರಥಾನ್ ಓಡಿದ್ದನೆಂದು ಹೇಳಿದೆ. ಹುಡುಗರ ಕಿವಿ ನೆಟ್ಟಗಾದುವು. ಹಿಂದಿನ ಬೆಂಚಿನವನೊಬ್ಬ ಎದ್ದು, “ಎಷ್ಟನೇ ನಂಬರ ಬಂದಾರ್ರೀ ಸರ?” ಎಂದು ಕೇಳಿದ. “ಹತ್ತೊಂಬತ್ತನೆಯವ” ಎಂದೆ. “ಹಂಗಾರ ಬಿಡ್ರಿ” ಎಂದು ಕುಳಿತುಬಿಟ್ಟ. ತರಗತಿ ನಕ್ಕಿತು, ನಾನೂ ನಕ್ಕೆ. ಆದರೆ ಮನೆಯ ದಾರಿ ಹಿಡಿದಾಗ ಆ ‘ಬಿಡ್ರಿ’ ಎಂಬ ಮಾತು ಬೆನ್ನುಬಿಡಲಿಲ್ಲ. ಇಷ್ಟು ಸುಲಭವಾಗಿ ಬಿಟ್ಟುಬಿಡಬಹುದಾದ ಸಂಗತಿಯೇ ಇದು?

ಆತನ ಹೆಸರು ಫಡೆಪ್ಪ ದರೆಪ್ಪ ಚೌಗುಲೆ. ಈ ಹೆಸರೇ ಬೆಳಗಾವಿಯ ಸೀಮೆಯ ಒಂದು ಚಿತ್ರವೆನ್ನಬಹುದು. ತನ್ನ ಹೆಸರಿನಲ್ಲಿಯೂ ತಂದೆಯ ಹೆಸರಿನಲ್ಲಿಯೂ ನಮ್ಮ ‘ಅಪ್ಪ’ ಕುಳಿತಿದ್ದಾನೆ. ಅಡ್ಡಹೆಸರೋ, ಮರಾಠರ ಕಾಲದ ಹಳ್ಳಿಯಲ್ಲಿ ಪಾಟೀಲನಿಗೆ ಸಹಾಯಕನಾಗಿದ್ದ ಅಧಿಕಾರಿಯ ಪದವಿಯಿಂದ ಬಂದುದು. ಆಗ ಬೆಳಗಾವಿ ಮುಂಬಯಿ ಇಲಾಖೆಗೆ ಸೇರಿತ್ತು. ಓಟಗಾರನಿಗೆ ದೊಡ್ಡ ಪೇಟೆಯೆಂದರೆ ಪುಣೆ.

ಕಥೆ ಆರಂಭವಾಗುವುದೂ ಪುಣೆಯಲ್ಲಿಯೇ. 1919ರಲ್ಲಿ ಡೆಕ್ಕನ್ ಜಿಮ್ಖಾನದವರು ಕ್ರೀಡಾಕೂಟವನ್ನು ನಡೆಸಿದರು. ಸರ್ ದೊರಾಬ್ಜಿ ಟಾಟಾ ಅದರ ಅಧ್ಯಕ್ಷರು. ಇಂಗ್ಲೆಂಡಿನಲ್ಲಿ ಓದುವಾಗ ಆಟಗಳ ರುಚಿ ಹಿಡಿಸಿಕೊಂಡು ಬಂದಿದ್ದ ಈ ಗೃಹಸ್ಥರು ಅಂದು ಕಂಡದ್ದು ಬರಿಗಾಲಿನಲ್ಲಿ ದೂರದ ಓಟ ಓಡುತ್ತಿದ್ದ ಹಳ್ಳಿಯ ರೈತರ ಮಕ್ಕಳನ್ನು. ನಿಯಮ ತಿಳಿಯದು, ಕಲಿಸಿದವರಿಲ್ಲ, ಕಾಲಿಗೆ ಜೋಡಿಲ್ಲ. ಆದರೂ ಕೆಲವರ ಓಟದ ಕಾಲ ಯೂರೋಪಿನ ಓಟಗಾರರ ಕಾಲಕ್ಕೆ ಹತ್ತಿರವಿತ್ತು. 1929ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷರಿಗೆ ಬರೆದ ಕಾಗದದಲ್ಲಿ ದೊರಾಬ್ಜಿಯವರು ಇದನ್ನೆಲ್ಲ ನೆನೆದಿದ್ದಾರೆ. ಅಂದು ಹಾಜರಿದ್ದ ಮುಂಬಯಿಯ ಗವರ್ನರ್ ಸರ್ ಜಾರ್ಜ್ ಲಾಯ್ಡ್ ಅವರ ಕಿವಿಗೆ ಮಾತು ಹಾಕಿ, ಮರುವರ್ಷದ ಆಂಟ್ವರ್ಪ್ ಕ್ರೀಡೆಗಳಿಗೆ ಹಿಂದುಸ್ತಾನದಿಂದ ಒಂದು ತಂಡವನ್ನು ಕಳಿಸಬೇಕೆಂದು ಅವರು ಹಟ ಹಿಡಿದರು. ತಮ್ಮ ಕೈಯಿಂದ ಹಣವನ್ನೂ ಹಾಕಿದರು. ತಯಾರಿಯ ಸಭೆಯೊಂದರಲ್ಲಿ, ನೂರು ಮೀಟರ್ ಓಟಕ್ಕೆ ಎಷ್ಟು ಕಾಲದ ಗಡಿ ಇಡಬೇಕೆಂಬ ಪ್ರಶ್ನೆ ಎದ್ದಾಗ, ಹಿರಿಯ ಸದಸ್ಯರೊಬ್ಬರು ಒಂದೆರಡು ನಿಮಿಷವಿರಬಹುದೆಂದರಂತೆ. ಅಲ್ಲಿ ಲೆಕ್ಕ ನಿಮಿಷದಲ್ಲಲ್ಲ, ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ಎಂದು ಕೇಳಿ ಅವರು ಬೆರಗಾದರಂತೆ. ನಗಬೇಡಿ. ಗಡಿಯಾರವನ್ನೇ ಕಾಣದ ಆಟ ನಮ್ಮದಾಗಿತ್ತು. ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಾಗಿತೋ ಇಲ್ಲವೋ ಎಂಬುದು ಮುಖ್ಯ, ಎಷ್ಟು ಹೊತ್ತಿಗೆ ತಾಗಿತು ಎಂಬುದನ್ನು ಯಾರು ಬರೆದಿಡುತ್ತಿದ್ದರು?

ಅಂತೂ ನಾಲ್ವರು ಓಟಗಾರರು, ಇಬ್ಬರು ಪೈಲವಾನರು, ಒಟ್ಟು ಆರು ಜನ ಹಡಗು ಹತ್ತಿದರು. ಹಿಂದೆ 1900ರಲ್ಲಿ ನಾರ್ಮನ್ ಪ್ರಿಚರ್ಡ್ ಎಂಬ ಕಲಕತ್ತೆಯ ತರುಣ ಪ್ಯಾರಿಸಿನಲ್ಲಿ ಓಡಿ ಎರಡು ಬೆಳ್ಳಿ ಪಡೆದದ್ದು ನಿಜವಾದರೂ, ತಂಡವೆಂದು ಹೋದದ್ದು ಇದೇ ಮೊದಲು. ಅವರಲ್ಲಿ ಮ್ಯಾರಥಾನಿಗೆ ನಿಂತವರು ಇಬ್ಬರು: ನಮ್ಮ ಚೌಗುಲೆ ಮತ್ತು ಸದಾಶಿವ ದಾತಾರ.

ಈ ಓಟದ ಹುಟ್ಟಿನ ಬಗೆಗೆ ಇಲ್ಲಿ ಎರಡು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಕ್ರಿ. ಪೂ. 490ರಲ್ಲಿ ಮ್ಯಾರಥಾನ್ ಬಯಲಿನಲ್ಲಿ ಪಾರಸಿಕರನ್ನು ಗೆದ್ದ ಸುದ್ದಿಯನ್ನು ಅಥೆನ್ಸಿಗೆ ಮುಟ್ಟಿಸಿ ದೂತನೊಬ್ಬ ಕುಸಿದು ಪ್ರಾಣಬಿಟ್ಟನೆಂಬ ಕಥೆ ಶಾಲೆಯ ಪುಸ್ತಕದಿಂದ ಎಲ್ಲರಿಗೂ ಗೊತ್ತು. ಆದರೆ ಯುದ್ಧಕ್ಕೆ ಹತ್ತಿರದ ಕಾಲದಲ್ಲಿದ್ದ ಹೆರೊಡೋಟಸ್ ಇತಿಹಾಸಕಾರನಲ್ಲಿ ಈ ಕಥೆಯಿಲ್ಲ. ಅವನು ಹೇಳುವುದು ಬೇರೊಂದು ಓಟವನ್ನು. ಯುದ್ಧಕ್ಕೆ ಮುಂಚೆ ಫಿಡಿಪ್ಪಿಡೀಸ್ ಎಂಬ ದೂತನು ನೆರವು ಬೇಡಲು ಅಥೆನ್ಸಿನಿಂದ ಸ್ಪಾರ್ಟಾಕ್ಕೆ, ಸುಮಾರು 240 ಕಿಲೋಮೀಟರು ಓಡಿ ಮರುದಿನವೇ ಮುಟ್ಟಿದ. ಸ್ಪಾರ್ಟಾದವರು, ಹುಣ್ಣಿಮೆಯಾಗುವ ತನಕ ನಮಗೆ ಹೊರಡಲು ಶಾಸ್ತ್ರ ಅಡ್ಡಬರುತ್ತದೆ ಎಂದರು. ಹುಣ್ಣಿಮೆ ಕಳೆದು ಅವರ ಎರಡು ಸಾವಿರ ಜನ ಬರುವಷ್ಟರಲ್ಲಿ ಯುದ್ಧ ಮುಗಿದಿತ್ತು. ಬಿದ್ದ ಹೆಣಗಳನ್ನು ನೋಡಿ, ಅಥೆನ್ಸಿನವರನ್ನು ಹೊಗಳಿ ಅವರು ಹಿಂದಿರುಗಿದರು. ಎಂದರೆ, ಬರೆದಿಟ್ಟ ಆ ಮೊದಲ ಓಟವೇ ಹೊತ್ತು ಹೋದ ಆಶೆ ಕೈಗೂಡದ ಓಟ! ಗೆಲುವಿನ ಸುದ್ದಿ ತಂದು ಸಾಯುವ ದೂತ ಶತಮಾನಗಳ ಮೇಲೆ ಲೂಸಿಯನ್ ಮೊದಲಾದವರ ಬರಹದಲ್ಲಿ ಕಾಣಿಸಿಕೊಂಡವನು. 1879ರಲ್ಲಿ ರಾಬರ್ಟ್ ಬ್ರೌನಿಂಗ್ ಕವಿ ಅವನನ್ನು ಮತ್ತೆ ಎಬ್ಬಿಸಿದ. 1896ರಲ್ಲಿ ಫ್ರೆಂಚ್ ಭಾಷಾಪಂಡಿತ ಮಿಶೆಲ್ ಬ್ರೆಯಾಲನ ಸೂಚನೆಯಿಂದ ಅವನ ಹೆಸರಿನ ಓಟ ಅಥೆನ್ಸಿನ ಕ್ರೀಡೆಗಳಲ್ಲಿ ಸೇರಿತು. ಭಾಷೆಯ ಮೇಷ್ಟರುಗಳಿಂದಲೂ ಜಗತ್ತಿಗೆ ಇಂಥ ಉಪಕಾರ ಆಗುವುದುಂಟೆಂದು ನಾನು ತುಸು ಹೆಮ್ಮೆಪಟ್ಟರೆ ವಾಚಕರು ಕ್ಷಮಿಸಬೇಕು.

1908ರಲ್ಲಿ ಲಂಡನ್ನಿನಲ್ಲಿ ಡೊರಾಂಡೊ ಪಿಯೆತ್ರಿ ಎಂಬ ಇಟಲಿಯವನು ಮೊದಲಿಗನಾಗಿ ಕ್ರೀಡಾಂಗಣ ಹೊಕ್ಕು, ದಿಕ್ಕು ತಪ್ಪಿ, ಮತ್ತೆ ಮತ್ತೆ ಬಿದ್ದು, ಅಧಿಕಾರಿಗಳು ಕೈಹಿಡಿದು ದಾಟಿಸಿದ್ದರಿಂದಲೇ ಅನರ್ಹನಾದ ಪ್ರಸಂಗ ಬಹಳ ಪ್ರಸಿದ್ಧ. ಮರುದಿನ ಅಲೆಕ್ಸಾಂಡ್ರಾ ರಾಣಿ ಅವನಿಗೊಂದು ಬಟ್ಟಲನ್ನು ಕೊಟ್ಟಳು. ಜನರ ಕಣ್ಣೆದುರಿಗೆ ಬಿದ್ದವನಿಗೆ ರಾಣಿಯ ಬಟ್ಟಲಾದರೂ ದೊರೆಯುತ್ತದೆ. ಕಣ್ಣಿಗೆ ಕಾಣದ ಕಡೆ ಬಿದ್ದವನ ಕಥೆ ಹೇಳುತ್ತೇನೆ, ಕೇಳಿ. ಅದು ನಮ್ಮ ಚೌಗುಲೆಯ ಕಥೆಗೆ ಹೆಣೆದುಕೊಂಡಿದೆ.

ಶಿಜೊ ಕನಕುರಿ ಜಪಾನಿನ ಕುಮಾಮೊಟೊ ಸೀಮೆಯವನು, 1891ರಲ್ಲಿ ಹುಟ್ಟಿದವನು. ಟೋಕಿಯೋದ ಉನ್ನತ ಅಧ್ಯಾಪಕರ ಕಾಲೇಜಿನಲ್ಲಿ ಓದುತ್ತಿದ್ದ. ಅಲ್ಲಿಯ ಪ್ರಾಂಶುಪಾಲರು ಜೂಡೋ ವಿದ್ಯೆಯ ಸ್ಥಾಪಕರಾದ ಕಾನೊ ಜಿಗೊರೊ. 1911ರ ನವೆಂಬರಿನಲ್ಲಿ ಟೋಕಿಯೋದ ಬಳಿಯ ಹಾನೆಡಾದಲ್ಲಿ ಒಲಿಂಪಿಕ್ ಆಯ್ಕೆಯ ಓಟ ನಡೆದಾಗ ಕನಕುರಿ 25 ಮೈಲಿಯನ್ನು 2 ಗಂಟೆ 32 ನಿಮಿಷ 45 ಸೆಕೆಂಡಿನಲ್ಲಿ ಮುಗಿಸಿದನೆಂದು ದಾಖಲಾಯಿತು. ಆಗಿನ ಜಗತ್ತಿನಲ್ಲಿ ಇಂಥ ವೇಗ ಕೇಳಿದ್ದಿಲ್ಲ. ದಾರಿಯ ಅಳತೆ ಸ್ವಲ್ಪ ಕಡಿಮೆಯಿದ್ದೀತೆಂದು ಈಚಿನವರು ಶಂಕಿಸುತ್ತಾರೆ. ಅಂದು ಶಂಕಿಸುವ ಉತ್ಸಾಹ ಯಾರಿಗಿತ್ತು? ಸಹಪಾಠಿಗಳೂ ಬಂಧುಗಳೂ ಹಣ ಕೂಡಿಸಿದರು. ಕನಕುರಿ, ಮಿಶಿಮಾ ಎಂಬ ಇನ್ನೊಬ್ಬ ಓಟಗಾರ, ಇಬ್ಬರೇ ಇಬ್ಬರು ಜಪಾನಿನ ತಂಡವಾಗಿ ಹಡಗಿನಲ್ಲಿ ವ್ಲಾಡಿವೊಸ್ಟೋಕಿಗೆ, ಅಲ್ಲಿಂದ ಸೈಬೀರಿಯಾದ ರೈಲಿನಲ್ಲಿ ದಿನಗಟ್ಟಲೆ ಪಯಣಿಸಿ ಸ್ಟಾಕ್‌ಹೋಮಿಗೆ ಬಂದರು. ಬೇಸಿಗೆಯಲ್ಲಿ ಅಲ್ಲಿ ಸರಿಯಾಗಿ ಕತ್ತಲಾಗುವುದೇ ಇಲ್ಲ, ನಿದ್ದೆ ಕೆಟ್ಟಿತು. ಜೊತೆಗೆ ಬಂದ ತರಬೇತುದಾರ ಓಮೊರಿ ಕ್ಷಯರೋಗಿ. ಶಿಷ್ಯನಿಗಿಂತ ಗುರುವಿಗೇ ಆರೈಕೆ ಬೇಕಾಗಿತ್ತು.

1912ರ ಜುಲೈ 14ರಂದು ಓಟ. ಸ್ವೀಡನ್ನಿಗೆ ಅಪರೂಪವಾದ ಸೆಕೆ. ಹೊರಟವರು 68 ಮಂದಿ. ಮುಗಿಸಿದವರು ಅದರಲ್ಲಿ ಸರಿಯಾಗಿ ಅರ್ಧ, 34. ಪೋರ್ಚುಗಲ್ಲಿನ ಫ್ರಾನ್ಸಿಸ್ಕೊ ಲಾಜಾರೊ ದಾರಿಯಲ್ಲಿ ಕುಸಿದವನು ಮರುದಿನ ತೀರಿಕೊಂಡ. ಕನಕುರಿ ಮೆಟ್ಟಿದ್ದು ‘ತಾಬಿ’ ಎಂಬ ಜಪಾನಿನ ಬಟ್ಟೆಯ ಕಾಲುಚೀಲ. ಆ ನಾಡಿನ ಗಟ್ಟಿ ರಸ್ತೆಗೆ ಅದು ತಕ್ಕುದಾಗಿರಲಿಲ್ಲ. ಸುಮಾರು 27 ಕಿಲೋಮೀಟರು ಓಡಿದ ಮೇಲೆ, ಸೊಲೆಂಟುನಾ ಎಂಬಲ್ಲಿ, ಬಿಸಿಲಿಗೆ ತಲೆ ತಿರುಗಿ ದಾರಿ ಬದಿಯ ಮನೆಯೊಂದರ ತೋಟಕ್ಕೆ ನುಗ್ಗಿದ. ಆ ಮನೆಯವರು ಮಾತು ತಿಳಿಯದ ಈ ಅತಿಥಿಯನ್ನು ಕೂರಿಸಿ ಹಣ್ಣಿನ ರಸ ಕೊಟ್ಟು ಉಪಚರಿಸಿದರು. ಎಚ್ಚರ ತಿಳಿಯುವಷ್ಟರಲ್ಲಿ ಓಟ ಕೈಮೀರಿತ್ತು. ನಾಚಿಕೆಯಿಂದ ಯಾರಿಗೂ ಹೇಳದೆ ಊರಿಗೆ ಮರಳಿದ. ಓಟದ ಅಧಿಕಾರಿಗಳ ಲೆಕ್ಕದಲ್ಲಿ ಜಪಾನಿನವನೊಬ್ಬ ಎಲ್ಲಿಗೆ ಹೋದನೆಂಬುದು ಒಗಟಾಗಿಯೇ ಉಳಿಯಿತು. ಮರುದಿನ ದಿನಚರಿಯಲ್ಲಿ, ಇದು ಬಾಳಿನಲ್ಲಿ ಅಳಿಯದ ಕೊರಗೆಂದೂ, ಸೋಲಿನ ಮೇಲೆಯೇ ಗೆಲುವನ್ನು ಕಟ್ಟಬೇಕೆಂದೂ ಬರೆದುಕೊಂಡ.

ಐವತ್ತು ವರ್ಷ ಅವನು ಕಾಣೆಯಾದವರ ಪಟ್ಟಿಯಲ್ಲಿದ್ದನೆಂದು ಬಣ್ಣ ಕಟ್ಟಿ ಹೇಳುವವರಿದ್ದಾರೆ. ಇದು ಒಪ್ಪತಕ್ಕ ಮಾತಲ್ಲ. ಮುಂದಿನ ಬರ್ಲಿನ್ ಕ್ರೀಡೆಗಳು 1916ಕ್ಕೆ ಗೊತ್ತಾಗಿದ್ದುವು. ಕನಕುರಿಗೆ ಆಗ ಇಪ್ಪತ್ತೈದು, ಓಟಗಾರನ ತುಂಬು ಪ್ರಾಯ. ಮಹಾಯುದ್ಧ ಬಂದು ಅವು ನಿಂತುಹೋದುವು. 1920ರಲ್ಲಿ ಆಂಟ್ವರ್ಪಿನಲ್ಲಿ ಅವನು ಎಲ್ಲರೆದುರಿಗೆ ತನ್ನ ಹೆಸರಿನಲ್ಲಿಯೇ ಓಡಿದ್ದಾನೆ. ಕಾಣೆಯಾದವನು ಹಾಗೆ ಬಂದು ಓಡುವನೆ?

ಆ ಆಂಟ್ವರ್ಪಿನ ರಸ್ತೆಯಲ್ಲಿಯೇ ನಮ್ಮ ಚೌಗುಲೆಯೂ ಇದ್ದ.

1920ರ ಆಗಸ್ಟ್ 22. ಯುದ್ಧ ಮುಗಿದು ಎರಡು ವರ್ಷವೂ ತುಂಬಿರಲಿಲ್ಲ. ಬೆಲ್ಜಿಯಂ ಇನ್ನೂ ಗಾಯ ಒರಸಿಕೊಳ್ಳುತ್ತಿತ್ತು. ಸ್ಟಾಕ್‌ಹೋಮಿನ ಬಿಸಿಲಿಗೆ ಪ್ರತಿಯಾಗಿ ಈ ದಿನ ತಂಪು. ಹೊರಟವರು 48 ಜನ. ಓಟದ ಉದ್ದ 42,750 ಮೀಟರು. ಇಂದಿನ 42,195 ಮೀಟರಿನ ಅಳತೆ ಖಾಯಮ್ಮಾದದ್ದು ಮರುವರ್ಷ, 1921ರಲ್ಲಿ. ಒಲಿಂಪಿಕ್ ಮ್ಯಾರಥಾನುಗಳಲ್ಲಿ ಇದಕ್ಕಿಂತ ಉದ್ದದ್ದು ಮತ್ತೊಂದಿಲ್ಲ. ಮುಂದಾಳುಗಳ ಕಥೆಯೇ ಒಂದು ಪುಸ್ತಕಕ್ಕಾಗುವಷ್ಟಿದೆ. ಫಿನ್ಲೆಂಡಿನ ಹಾನೆಸ್ ಕೊಲೆಮೈನೆನ್ ಸ್ಟಾಕ್‌ಹೋಮಿನಲ್ಲಿ ಬೇರೆ ಓಟಗಳಲ್ಲಿ ಮೂರು ಚಿನ್ನ ಗೆದ್ದವನು, ಆಮೇಲೆ ಅಮೆರಿಕಕ್ಕೆ ಹೋಗಿ ಗಾರೆಕೆಲಸ ಮಾಡಿದವನು. ಅವನೂ ದಕ್ಷಿಣ ಆಫ್ರಿಕದ ಗಿಟ್ಷಮ್ಮನೂ ಬಹುದೂರ ಜೋಡಿಯಾಗಿ ಓಡಿದರು. ಹಿಂದಿನ ಸಲ ಎರಡನೆಯವನಾಗಿದ್ದ ಗಿಟ್ಷಮ್ ಕಾಲು ಕೊಟ್ಟು ದಾರಿಯಲ್ಲಿಯೇ ನಿಂತ. ಕೊನೆಯಲ್ಲಿ ಎಸ್ಟೋನಿಯದ ಲಾಸ್ಮನ್ ಬೆನ್ನಟ್ಟಿ ಬಂದರೂ ಕೊಲೆಮೈನೆನ್ 12.8 ಸೆಕೆಂಡಿನ ಅಂತರದಲ್ಲಿ ಗೆದ್ದ. ಅವನ ಕಾಲ 2 ಗಂಟೆ 32 ನಿಮಿಷ 35.8 ಸೆಕೆಂಡು. ಮೂರನೆಯವನಾದ ಇಟಲಿಯ ವಲೇರಿಯೊ ಆರ್ರಿ ಗೆರೆ ದಾಟಿದ ಮೇಲೆ ಸಂತೋಷ ತಡೆಯಲಾರದೆ ಮೂರು ಲಾಗ ಹಾಕಿದನಂತೆ. ಅಷ್ಟು ಓಡಿದ ಮೇಲೂ ಲಾಗ ಹಾಕುವ ಶಕ್ತಿ ಉಳಿದಿತ್ತೆಂದರೆ ಅದನ್ನು ಮೊದಲೇ ಓಟಕ್ಕೆ ಹಾಕಬಾರದಾಗಿತ್ತೆ ಎಂದು ನಮ್ಮಂಥ ಜಿಪುಣರಿಗೆ ತೋರುತ್ತದೆ.

ಚೌಗುಲೆ ಬಂದದ್ದು ಹತ್ತೊಂಬತ್ತನೆಯವನಾಗಿ: 2 ಗಂಟೆ 50 ನಿಮಿಷ 45.4 ಸೆಕೆಂಡು. ಗೆದ್ದವನಿಗಿಂತ ಹದಿನೆಂಟು ನಿಮಿಷ ಹಿಂದೆ. ದಾತಾರನಿಗೆ ಮುಗಿಸಲಾಗಲಿಲ್ಲ. ಮುಗಿಸಿದವರೇ 35 ಜನ. ಪುಣೆಯಲ್ಲಿ ಕಂಡ ಆಶೆ ಹೀಗೆ ಕೊನೆಗಂಡಿತು. ಪೈಲವಾನ ಶಿಂಧೆ ನಾಲ್ಕನೆಯವನಾಗಿ ಪದಕದ ಬಾಗಿಲ ತನಕ ಹೋದದ್ದರಿಂದ, ನಮ್ಮವರ ಬಾಯಲ್ಲಿ ಆ ವರ್ಷದ ಮಾತೆಂದರೆ ಕುಸ್ತಿಯ ಮಾತು. ಮ್ಯಾರಥಾನ್ ಪಟ್ಟಿಯ ನಡುವಿನ ಒಂದು ಸಾಲಾಯಿತು.

ಇಲ್ಲಿ ನನ್ನ ಸ್ವಂತದ ಒಂದು ಮಾತು ಹೇಳಬೇಕಾಗಿದೆ. ನಲವತ್ತು ದಾಟಿದ ಮೇಲೆ ನನಗೂ ಈ ಹುಚ್ಚು ಹಿಡಿಯಿತು. ಒಂದು ವರ್ಷ ಬೆಳಗಿನ ಜಾವ ಎದ್ದು ಅಭ್ಯಾಸ ಮಾಡಿ, ಐದು ತಾಸಿನಲ್ಲಿ ಮುಗಿಸುವೆನೆಂದು ಸ್ಟಾಫ್ ರೂಮಿನಲ್ಲೆಲ್ಲ ಸಾರಿ, ಓಡಲು ಹೋದೆ. ಮೂವತ್ತು ಕಿಲೋಮೀಟರಿನ ತನಕ ಎಲ್ಲವೂ ಲೆಕ್ಕದಂತೆಯೇ ನಡೆದಿತ್ತು. ಅನಂತರ ತೊಡೆ ಕಲ್ಲಾಯಿತು. ಕೊನೆಯ ನೀರಿನ ಕಟ್ಟೆಗೆ ಮುಟ್ಟಿದಾಗ ಹುಡುಗರು ಮೇಜು ಮಡಚುತ್ತಿದ್ದರು. ಒಬ್ಬ ನನ್ನನ್ನು ಕಂಡು ಪಾಪ, ಮತ್ತೆ ಬಿಚ್ಚಿದ. ಮುಗಿಸಿದ್ದು 5 ಗಂಟೆ 47 ನಿಮಿಷಕ್ಕೆ. ಮನೆಯಲ್ಲಿ “ಮುಗಿಸಿ ಬಂದ್ರಲ್ಲಾ, ಸಾಕು ಬಿಡ್ರಿ” ಎಂದರು. ಅದೇ ‘ಬಿಡ್ರಿ’! ಸಮಾಧಾನಕ್ಕೆ ಆಡಿದ ಮಾತೆಂದು ತಿಳಿದಿದ್ದರೂ ಎರಡು ದಿನ ಯಾರೊಡನೆಯೂ ಮಾತು ಬೇಡವೆನಿಸಿತು. ನನ್ನ ಓಟವನ್ನು ಚೌಗುಲೆಯದರ ಪಕ್ಕದಲ್ಲಿಡುವ ಅಹಂಕಾರ ನನಗಿಲ್ಲ: ನಾನು ಒಂದು ಕಿಲೋಮೀಟರು ಸಾಗುವಷ್ಟರಲ್ಲಿ ಆತ ಎರಡು ಮುಗಿಸಿ ಮೂರನೆಯದಕ್ಕೆ ಕಾಲಿಟ್ಟಿರುತ್ತಿದ್ದ. ಆದರೆ ಮೂವತ್ತರ ಆಚೆ ಏನಾಗುತ್ತದೆಂಬುದು ಅಂದು ತಿಳಿಯಿತು. ಆ ತಿಳಿವಿನಿಂದಲೇ ಈ ಹಳೆಯ ಪಟ್ಟಿಯನ್ನು ಮತ್ತೊಮ್ಮೆ ಓದುವ ಮನಸ್ಸಾಯಿತು.

ಹಾಗೆ ಓದುವಾಗ ಕೆಲವು ಲೆಕ್ಕಗಳು ಕಣ್ಣಿಗೆ ಬಿದ್ದುವು. 1896ರಲ್ಲಿ ಅಥೆನ್ಸಿನಲ್ಲಿ ಗೆದ್ದು ಗ್ರೀಸಿನ ಮನೆಮಾತಾದ ಸ್ಪಿರಿಡಾನ್ ಲೂಯಿಸ್ 40 ಕಿಲೋಮೀಟರಿಗೆ ತೆಗೆದುಕೊಂಡದ್ದು 2 ಗಂಟೆ 58 ನಿಮಿಷ 50 ಸೆಕೆಂಡು. ಲಂಡನ್ನಿನಲ್ಲಿ ಡೊರಾಂಡೊ ಬಿದ್ದಾಗ ಚಿನ್ನ ಸಿಕ್ಕಿದ್ದು ಅಮೆರಿಕದ ಜಾನಿ ಹೇಯ್ಸನಿಗೆ. 42,195 ಮೀಟರಿಗೆ ಅವನ ಕಾಲ 2 ಗಂಟೆ 55 ನಿಮಿಷ 18.4 ಸೆಕೆಂಡು. ಚೌಗುಲೆ ಅದಕ್ಕಿಂತ ಅರ್ಧ ಕಿಲೋಮೀಟರಿಗೂ ಹೆಚ್ಚು ದೂರ ಓಡಿ, ನಾಲ್ಕೂವರೆ ನಿಮಿಷ ಮೊದಲೇ ಮುಗಿಸಿದ್ದಾನೆ. ಕಿಲೋಮೀಟರಿಗೆ ಸರಾಸರಿ ನಾಲ್ಕು ನಿಮಿಷದ ನಡೆ. ಲಂಡನ್ನಿನ ದಿನದ ಸೆಕೆ ಬೇರೆ, ಆಂಟ್ವರ್ಪಿನ ತಂಪು ಬೇರೆ, ರಸ್ತೆಗಳೂ ಬೇರೆ. ಒಂದರ ಮೇಲೊಂದಿಟ್ಟು ಅಳೆಯುವುದು ನ್ಯಾಯವಲ್ಲ, ಒಪ್ಪುತ್ತೇನೆ. ಆದರೂ ಹನ್ನೆರಡು ವರ್ಷದ ಹಿಂದೆ ಚಿನ್ನ ಗೆದ್ದವನಿಗಿಂತ ವೇಗವಾಗಿ ಓಡಿದವನನ್ನು ಸೋತವನೆಂದು ಕರೆಯುವಾಗ ಬಾಯಿ ತುಸು ತಡೆಯಬೇಕಲ್ಲವೆ? ಜಗತ್ತಿನ ಓಟ ಅಷ್ಟರಲ್ಲಿ ಮುಂದೆ ಹೋಗಿತ್ತು. ಅದು ಪುಣೆಯಲ್ಲಿ ಕುಳಿತವರಿಗೆ ಕಾಣುವಂತಿರಲಿಲ್ಲ. ಹಾನೆಡಾದ ಅಳತೆ ಕನಕುರಿಯ ತಲೆಯ ಮೇಲೆ ಹೊರಿಸಿದ ಹೊರೆಯನ್ನೇ, ಪುಣೆಯ ರಸ್ತೆ ನಮ್ಮವರ ಮೇಲೆ ಹೊರಿಸಿತು. ಊರಿನ ಅಳತೆ ಹುಟ್ಟಿಸಿದ ಆಶೆಗೆ ಪರವೂರಿನ ರಸ್ತೆಯಲ್ಲಿ ಓಡುವವನು ಜವಾಬುದಾರನಾದ.

ಇನ್ನೂ ಒಂದು ಸಂಗತಿ. ಒಲಿಂಪಿಕ್ ಮ್ಯಾರಥಾನಿನಲ್ಲಿ ಭಾರತೀಯನೊಬ್ಬ ಹತ್ತೊಂಬತ್ತಕ್ಕಿಂತ ಮೇಲಿನ ಸ್ಥಾನಕ್ಕೆ ಬರಲು 1976ರ ತನಕ ಕಾಯಬೇಕಾಯಿತು. ಆ ವರ್ಷ ಮಾಂಟ್ರಿಯಲ್ಲಿನಲ್ಲಿ ಶಿವನಾಥ ಸಿಂಗರು ಹನ್ನೊಂದನೆಯವರಾದರು. ನಡುವೆ ಐವತ್ತಾರು ವರ್ಷ. ‘ಹಂಗಾರ ಬಿಡ್ರಿ’ ಎಂದ ಹುಡುಗನಿಗೆ ಮರುದಿನ ಇದನ್ನು ಹೇಳಿದೆ. ಅವನು ತಲೆ ಕೆರೆದುಕೊಂಡು, “ಅಲ್ಲೀ ಮಟಾ ಯಾರೂ ಬರಲೇ ಇಲ್ಲೇನ್ರಿ?” ಎಂದ.

ತಂಡ ಬರಿಗೈಲಿ ಬಂದರೂ ದೊರಾಬ್ಜಿಯವರು ಕೈಬಿಡಲಿಲ್ಲ. 1927ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ ನಿಂತಾಗ ಅದರ ಮೊದಲ ಅಧ್ಯಕ್ಷರು ಅವರೇ. ಮರುವರ್ಷ ಆಮ್‌ಸ್ಟರ್ಡಾಮಿನಿಂದ ಹಾಕಿಯ ಚಿನ್ನ ಬಂದಿತು. ಆ ಹೊಳಪಿನಲ್ಲಿ ಆಂಟ್ವರ್ಪಿನ ಆರು ಜನ ಇನ್ನಷ್ಟು ಮಸುಕಾದರು.

ಜಪಾನಿನವರು ಮಾಡಿದ್ದು ಬೇರೆ. ಆಂಟ್ವರ್ಪಿಗೆ ಹೊರಡುವ ವರ್ಷವೇ, 1920ರ ಫೆಬ್ರವರಿಯಲ್ಲಿ, ಟೋಕಿಯೋದಿಂದ ಹಾಕೊನೆ ಬೆಟ್ಟಕ್ಕೆ ಹೋಗಿಬರುವ ಒಂದು ಸರಣಿ ಓಟವನ್ನು ಕನಕುರಿ ತನ್ನ ಜೊತೆಗಾರರೊಡನೆ ಹೂಡಿದ. ಹಿಂದಿನ ಕಾಲದ ಅಂಚೆಕುದುರೆಗಳು ಠಾಣೆಯಿಂದ ಠಾಣೆಗೆ ಓಡಿದಂತೆ, ಹೆಗಲಿಗೆ ಹಾಕಿದ ಪಟ್ಟಿಯನ್ನು ಒಬ್ಬ ಓಟಗಾರ ಇನ್ನೊಬ್ಬನಿಗೆ ದಾಟಿಸುತ್ತ ಹೋಗುವ ಓಟ. ಮೊದಲ ವರ್ಷ ಸೇರಿದ್ದು ನಾಲ್ಕೇ ವಿದ್ಯಾಲಯಗಳು. ಈಗ ಅದು ವರ್ಷದ ಆರಂಭದಲ್ಲಿ, ಜನವರಿ 2 ಮತ್ತು 3ರಂದು, ಜಪಾನಿಗೆ ಜಪಾನೇ ಕುಳಿತು ನೋಡುವ ಓಟ. 1924ರಲ್ಲಿ ಪ್ಯಾರಿಸಿನ ಮ್ಯಾರಥಾನಿನಲ್ಲಿಯೂ ಕನಕುರಿಗೆ ಮುಗಿಸಲಾಗಲಿಲ್ಲ. ಮೂರು ಒಲಿಂಪಿಕ್, ಒಂದು ಪದಕವಿಲ್ಲ. ಆದರೂ ಅವನನ್ನು ಅಲ್ಲಿಯವರು ತಮ್ಮ ಮ್ಯಾರಥಾನಿನ ಪಿತಾಮಹನೆನ್ನುತ್ತಾರೆ.

1967ರಲ್ಲಿ ಸ್ವೀಡನ್ನಿನವರು ತಮ್ಮ ಹಳೆಯ ಕ್ರೀಡೆಗಳ 55ನೆಯ ವರ್ಷದ ನೆನಪಿಗೆ ಕನಕುರಿಯನ್ನು ಕರೆಸಿಕೊಂಡರು. ಎಪ್ಪತ್ತೈದರ ಮುದುಕ ಚಳಿಗೆ ಮೇಲಂಗಿ ತೊಟ್ಟು ಸ್ಟಾಕ್‌ಹೋಮಿನ ಅದೇ ಕ್ರೀಡಾಂಗಣದಲ್ಲಿ ಓಡಿ ಗೆರೆ ದಾಟಿದ. ಅವನ ಕಾಲವನ್ನು ಘೋಷಿಸಲಾಯಿತು: 54 ವರ್ಷ, 8 ತಿಂಗಳು, 6 ದಿನ, 5 ಗಂಟೆ, 32 ನಿಮಿಷ, 20.3 ಸೆಕೆಂಡು. ಬಹಳ ಉದ್ದದ ದಾರಿಯಾಯಿತು, ನಡುವೆ ಮದುವೆಯಾಗಿ ಮಕ್ಕಳು ಮೊಮ್ಮಕ್ಕಳೂ ಆದರು ಎಂದು ಆತ ನಕ್ಕನಂತೆ. 1983ರಲ್ಲಿ, ತೊಂಬತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡ. 2019ರಲ್ಲಿ ಜಪಾನಿನ ರಾಷ್ಟ್ರೀಯ ದೂರದರ್ಶನ ಅವನ ಬಾಳನ್ನು ಧಾರಾವಾಹಿಯಾಗಿ ತೋರಿಸಿತು.

ಆ ಕನಕುರಿ ಆಂಟ್ವರ್ಪಿನಲ್ಲಿ ಎಷ್ಟನೆಯವನಾಗಿ ಬಂದನೆಂದು ಹೇಳಲು ಮರೆತೆ. ಹದಿನಾರನೆಯವ. ಕಾಲ 2 ಗಂಟೆ 48 ನಿಮಿಷ 45.4 ಸೆಕೆಂಡು. ನಮ್ಮ ಚೌಗುಲೆಗೂ ಅವನಿಗೂ ಇದ್ದ ಅಂತರ, ಸೆಕೆಂಡಿನ ಹತ್ತನೆಯ ಭಾಗವೂ ಹೆಚ್ಚುಕಡಿಮೆಯಿಲ್ಲದೆ, ಎರಡು ನಿಮಿಷ. ಅವರು ಓಡುತ್ತಿದ್ದ ನಡೆಯಲ್ಲಿ ಅದು ಅರ್ಧ ಕಿಲೋಮೀಟರು. ರಸ್ತೆ ನೆಟ್ಟಗಿದ್ದ ಕಡೆ, ನಡುವಿನ ಇಬ್ಬರ ಹೆಗಲ ಮೇಲಿಂದ, ಬೆಳಗಾವಿಯವನಿಗೆ ಆ ಜಪಾನಿನವನ ಬೆನ್ನು ಕಂಡಿರಬೇಕು.